ಕೊಯ್ಯೋ ಡಾಕ್ಟರಿಗೆ ಹೆಣ್ಣು ನೋಡಿದ ಅಮರತ್ತಿ

ಅಮರತ್ತಿ ಬರುತ್ತಾಳೆಂದು ಗೊತ್ತಾದರೆ ಮದುವೆ ಮನೆಯವರು ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಕೂಡಿಸಿ ಹಂದರದ ಕಂಬದ ಪಕ್ಕದಲ್ಲಿ ಇಟ್ಟಿರುತ್ತಿದ್ದರು. ಒಂಟಿ ಕುರ್ಚಿ ಅವಳನ್ನು ತಡೆಯುತ್ತಿರಲಿಲ್ಲ. ಹಿಂದೊಮ್ಮೆ ಸಿಂಧನೂರಿನ ಕಲ್ಯಾಣ ಮಂಟಪವೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅವಳ ಕುರ್ಚಿಯ ಕಾಲು ಚಟ್ಟೆಂದು ಮುರಿಯಿತು. ಅಕ್ಷತೆ ಹಿಡಿದಿದ್ದ ಮಂದಿಯೆಲ್ಲ ಸದ್ದು ಬಂದತ್ತ ತಿರುಗಿದ್ದರಿಂದ ಅರ್ಧ ಅಕ್ಷತೆ ಮದುಮಕ್ಕಳ ಮೇಲೂ ಇನ್ನರ್ಧ ಅಮರತ್ತಿಯ ಮೇಲೂ ಬಿತ್ತು. ಅವಳು ನೆಲದ ಮೇಲೆ ಕೂತೇ ಮೈಮೇಲಿನ ಅಕ್ಕಿಕಾಳು ಕೊಡವಿಕೊಂಡು, "ನನಗೂ ಒಂದು ಲಗ್ನ ಆದಂಗಾತು. ಗಂಡ ಎಲ್ಲಿ ಅದಾನ, ತೋರಿಸ್ರಿ" ಅಂದಳು. ಅಂದಿನಿಂದ ಮೂರು ಕುರ್ಚಿಗಳ ಪದ್ಧತಿ ಶುರುವಾಯಿತು. ಮೂರು ಯಾಕೆಂದು ಯಾರಾದರೂ ಕೇಳಿದರೆ ಅವಳ ಉತ್ತರ ತಯಾರಿರುತ್ತಿತ್ತು: "ಒಂದು ನನಗ, ಒಂದು ಸತ್ತ ನನ್ನ ಗಂಡಗ, ಇನ್ನೊಂದು ಯಾರರ ದಣದು ಬಂದ್ರ ಇರ್ಲಿ ಅಂತ."

ಅಮರತ್ತಿ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ಗುರುಗುಂಟಾದಲ್ಲಿ, ಮದುವೆಯಾಗಿ ಬಂದದ್ದು ಮಸ್ಕಿಗೆ. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಬೆಟ್ಟದ ಬುಡದ ಓಣಿಯಲ್ಲಿ ಎರಡು ಅಂಕಣದ ಮನೆ, ಮುಂದೊಂದು ಕಟ್ಟೆ. ಆ ಕಟ್ಟೆಯ ಮೇಲೆ ಕೂತು ಅವಳು ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಸುತ್ತಲ ಊರುಗಳ ಹೆಣ್ಣು ಗಂಡುಗಳನ್ನು ಜೋಡಿಸುತ್ತಿದ್ದಳು. ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ಮದಿವಿ ದಿನ ಹೋಳಿಗಿ ಬಿಸಿ ಇದ್ದಾಗ ಕೊಡ್ರಿ, ಸಾಕು" ಅನ್ನುತ್ತಿದ್ದಳು.

ಅವಳು ದಪ್ಪ ಅಂದರೆ ಸಾಮಾನ್ಯ ದಪ್ಪವಲ್ಲ. ಆಟೋದಲ್ಲಿ ಹಿಂದಿನ ಸೀಟು ಪೂರ್ತಿ ಅವಳದೇ. ನಡೆಯುವಾಗ ಒಂದು ಕೈ ಯಾರದಾದರೂ ಹೆಗಲ ಮೇಲಿರಬೇಕು, ಬಹಳ ಸಲ ಆ ಹೆಗಲು ನನ್ನದೇ ಆಗಿರುತ್ತಿತ್ತು. ಅವಳ ನಗು ಹೊಟ್ಟೆಯಲ್ಲಿ ಸದ್ದಿಲ್ಲದೆ ಶುರುವಾಗಿ, ಎದೆಗೆ ಏರಿ, ಹೆಗಲು ಕುಣಿಸಿ, ಕೊನೆಗೆ ಬಾಯಿಗೆ ಬರುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಎದುರಿಗೆ ಕೂತವರು ಕಾರಣ ಗೊತ್ತಿಲ್ಲದೆಯೇ ನಗುತ್ತಿದ್ದರು.

ಜಾತಕ, ಹೊಲ, ನೌಕರಿ ಇವನ್ನೆಲ್ಲ ಉಳಿದವರು ನೋಡಿಕೊಳ್ಳಲಿ ಎಂದು ಅವಳು ಬಿಟ್ಟುಬಿಡುತ್ತಿದ್ದಳು. "ಮನಿಷ್ಯಾನ್ನ ಉಣ್ಣಾಗ ನೋಡಬೇಕು. ಉಣ್ಣಾಗ ಯಾರೂ ನಾಟಕ ಮಾಡಾಕ ಬರಂಗಿಲ್ಲ" ಎಂಬುದು ಅವಳ ಸಿದ್ಧಾಂತ. ದಢೇಸುಗೂರಿನಲ್ಲಿ ಒಂದು ಹೆಣ್ಣು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಹುಡುಗ ಗುರುಗುಂಟಾದವನು, ಕುರಿ ಸಾಕುವ ಮನೆಯವನು. ಊಟಕ್ಕೆ ಕೂತೆವು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹುಡುಗ ಒಂದು ತಂಬಿಗೆ ನೀರು ಕುಡಿದು, ಹುಡುಗಿಯ ತಾಯಿ ಅವಮಾನಪಡಬಾರದೆಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಅಷ್ಟರಲ್ಲಿ ಅಡಿಗೆ ಮನೆಯ ಬಾಗಿಲಿಗೆ ಬಂದ ಹುಡುಗಿ, "ಸಾರು ಉಣ್ಣಬ್ಯಾಡ್ರಿ, ಉಪ್ಪು ಭಾಳ ಆಗೈತಿ. ಅವ್ವ ಹಾಕಿದ್ದು ಗೊತ್ತಿರಲಿಲ್ಲ, ನಾನೂ ಹಾಕೀನಿ" ಅಂದಳು. ಅಮರತ್ತಿ ತಟ್ಟೆಯಿಂದ ತಲೆ ಎತ್ತದೆ ನನ್ನ ಕಿವಿಯಲ್ಲಿ, "ಮುಗೀತು ಬಿಡು. ಅವ ಮುಚ್ಚಾಂವ, ಈಕಿ ಬಿಚ್ಚಾಕಿ. ಇಬ್ರೂ ಮುಚ್ಚೋರಾದ್ರ ಮನಿ ಕೊಳೀತೈತಿ, ಇಬ್ರೂ ಬಿಚ್ಚೋರಾದ್ರ ಓಣಿ ಕೂಡತೈತಿ" ಅಂದಳು. ಆ ಜೋಡಿ ಈಗಲೂ ಚೆನ್ನಾಗಿದೆ. ಉಪ್ಪಿನ ಡಬ್ಬಿ ಮಾತ್ರ ಆ ಹುಡುಗಿಯ ಅತ್ತೆಯ ಕೈಯಲ್ಲೇ ಇದೆಯಂತೆ.

ಇಂಥವಳು ಒಂದು ವರ್ಷ ಸುಸ್ತು ಸುಸ್ತು ಎನ್ನತೊಡಗಿದಳು. ಕಟ್ಟೆಯಿಂದ ಒಳಗೆ ಹೋಗುವಷ್ಟರಲ್ಲಿ ಏದುಸಿರು. ಹೊಟ್ಟೆಯ ಬಲಗಡೆ ಸಣ್ಣಗೆ ನೋವು. ತೋರಿಸಿದ ಕಡೆಯೆಲ್ಲ ಅವಳನ್ನು ಬಾಗಿಲಲ್ಲಿ ನೋಡಿದ ಕೂಡಲೇ ಡಾಕ್ಟರುಗಳು ಒಂದೇ ಮಾತು ಹೇಳಿದರು: ತೂಕ ಇಳಿಸಿ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದವರು ಒಬ್ಬರೂ ಇಲ್ಲ. "ನನಗ ನೆಗಡಿ ಬಂದ್ರೂ ತೂಕ ಇಳಸು ಅಂತಾರ. ಮೂಗಿನಾಗ ಎಷ್ಟು ತೂಕ ಇರತೈತಬೇ?" ಎಂದು ಅವಳು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಸಿಂಧನೂರಿನಲ್ಲಿ ಅವಳೇ ಜೋಡಿಸಿದ ಒಂದು ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವಾಗ ಎದ್ದು ನಿಂತವಳು ಹಾಗೆಯೇ ಕುಸಿದಳು. ನಾಲ್ಕು ಜನ ಸೇರಿ ಹತ್ತಿರದ ದವಾಖಾನೆಗೆ ಕರೆದೊಯ್ದೆವು. ಅಲ್ಲಿದ್ದ ಡಾಕ್ಟರು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಅಂದರು. ಹೊಟ್ಟೆಯನ್ನು ನಿಧಾನವಾಗಿ ಒತ್ತುತ್ತಾ ಹೋಗಿ ಬಲಗಡೆ ನಿಂತರು. ಆಮೇಲೆ ದುರ್ಬೀನು ಹಾಕಿ ನೋಡಿದ್ದು, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದು ಎಲ್ಲ ಆಯಿತು. ದೊಡ್ಡ ಕರುಳಿನಲ್ಲಿ ಗಡ್ಡೆ, ಕ್ಯಾನ್ಸರಿನದು. ಕರುಳಿನ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು.

ಮನೆಯಲ್ಲಿ ನಾವೆಲ್ಲ ಅಳುತ್ತಿದ್ದಾಗ ಅವಳು ಮಂಚದ ಮೇಲೆ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿಕೊಂಡು ತಿನ್ನುತ್ತಿದ್ದಳು. "ಉಳ್ಳಾಗಡ್ಡಿ ಇಲ್ಲೇನು, ಬಟಾಟಿ ಗಡ್ಡಿ ಇಲ್ಲೇನು, ಹಂಗ ಇದೂ ಒಂದು ಗಡ್ಡಿ. ಕಿತ್ತು ಒಗದ್ರ ಆತು. ನೀವು ಅಳೋದು ಬಿಟ್ಟು ಒಂದೀಟು ಚಹಾ ಮಾಡ್ರಿ."

ಆದರೆ ಕಿತ್ತು ಒಗೆಯುವವರು ಸಿಗಬೇಕಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಅವಳನ್ನು ನೋಡಿ, ಇಷ್ಟು ತೂಕದವರಿಗೆ ನಮ್ಮಲ್ಲಿ ಆಗುವುದಿಲ್ಲ, ನಮ್ಮ ಟೇಬಲ್ಲೂ ತಡೆಯುವುದಿಲ್ಲ, ಮಂಪರು ಕೊಟ್ಟರೆ ಏಳುವ ಭರವಸೆಯೂ ಇಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ವಾಪಸ್ ಬರುವಾಗ ಗಾಡಿಯಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಮಸ್ಕಿ ಬೆಟ್ಟ ಕಂಡಾಗ ಕೇಳಿದಳು: "ಸುಜಿ, ನಾ ದಪ್ಪ ಅದೀನಂತ ನನ್ನ ಹಂಗ ಬಿಟ್ಟುಬಿಡ್ತಾರೇನಬೇ?"

ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಇಲ್ಲ ಅತ್ತಿ, ರಾಯಚೂರಿಗೆ ಹೋಗೋಣು" ಅಂದೆ. ನನಗೂ ಏನೂ ಗೊತ್ತಿರಲಿಲ್ಲ.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಇಬ್ಬರು ಸಿಕ್ಕರು. ಒಬ್ಬರು ಕರುಳಿನ ಆಪರೇಶನ್ ಮಾಡುವ ಸರ್ಜನ್, ನಲವತ್ತರ ಒಳಗಿನವರು, ತೆಳ್ಳಗೆ ಎತ್ತರ, ಮಾತು ವೇಗ. ಇನ್ನೊಬ್ಬರು ಅರಿವಳಿಕೆ ಕೊಡುವ ವೈದ್ಯೆ, ಗಿಡ್ಡಗೆ, ಗಂಭೀರ ಮುಖ, ಪ್ರತಿ ಮಾತನ್ನೂ ತೂಗಿ ಆಡುವವರು. ಅಮರತ್ತಿ ಹೊರಬರುವಷ್ಟರಲ್ಲಿ ಇಬ್ಬರಿಗೂ ಹೆಸರಿಟ್ಟಿದ್ದಳು. ಅವರು ಕೊಯ್ಯೋ ಡಾಕ್ಟರ, ಇವರು ಮಲಗ್ಸೋ ಡಾಕ್ಟರಮ್ಮ.

ನಮ್ಮೆದುರಿಗೇ ಅವರಿಬ್ಬರಿಗೂ ಜಗಳವಾಯಿತು.

"ಈ ಗಡ್ಡೆ ಕಾಯಂಗಿಲ್ಲ. ಕರುಳು ಕಟ್ಟಿಕೊಂಡ್ರ ಮುಗೀತು. ಮುಂದಿನ ವಾರ ಮಾಡಿಬಿಡೋಣ" ಅಂದರು ಸರ್ಜನ್.

"ಮುಂದಿನ ವಾರ ನಾನು ಮಲಗಿಸಿದ್ರ ಇವರು ಏಳಂಗಿಲ್ಲ. ರಕ್ತ ನೋಡ್ರಿ. ಕುತ್ತಿಗಿ ನೋಡ್ರಿ. ನಿದ್ದ್ಯಾಗ ಉಸಿರು ನಿಂತು ನಿಂತು ಬರತೈತಿ ಅಂತ ಇವರ ಹುಡುಗಿ ಹೇಳಾಕತ್ತಾಳ."

"ನೀವು ಯಾವಾಗ್ಲೂ ಹಿಂಗ ಹೆದರಸ್ತೀರಿ."

"ನೀವು ಯಾವಾಗ್ಲೂ ಹಿಂಗ ಅವಸರ ಮಾಡ್ತೀರಿ."

ಅಮರತ್ತಿ ಕಬಡ್ಡಿ ನೋಡುವವಳಂತೆ ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡುತ್ತಿದ್ದಳು. ಸರ್ಜನ್ ಮಾತಾಡುತ್ತಲೇ ಎಡಕ್ಕೆ ತಿರುಗದೆ ಕೈ ಚಾಚಿದರು. ಡಾಕ್ಟರಮ್ಮ ಸಿಟ್ಟಿನಲ್ಲೇ, ಅವರ ಕಡೆ ನೋಡದೆ, ತಮ್ಮ ಕೋಟಿನ ಜೇಬಿನಿಂದ ಪೆನ್ನು ತೆಗೆದು ಆ ಕೈಯಲ್ಲಿಟ್ಟರು. ಅವರು ಏನೋ ಬರೆದು ಪೆನ್ನನ್ನು ಹಾಗೆಯೇ ಹಿಂದಕ್ಕೆ ಚಾಚಿದರು. ಇವರು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಜಗಳ ಒಂದು ಕ್ಷಣವೂ ನಿಂತಿರಲಿಲ್ಲ. ಅಮರತ್ತಿ ಮೇಜಿನ ಕೆಳಗೆ ನನ್ನ ತೊಡೆ ಜಿಗುಟಿದಳು. ಅವಳ ಕಣ್ಣು ಮಿಂಚುತ್ತಿತ್ತು. ದಢೇಸುಗೂರಿನಲ್ಲಿ ಉಪ್ಪಿನ ಸಾರು ಉಂಡ ದಿನ ಮಿಂಚಿದ ಹಾಗೆಯೇ.

ಕೊನೆಗೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ಅಮ್ಮ, ನಿಮ್ಮ ತೂಕಕ್ಕ ನಿಮ್ಮನ್ನ ಬೈಯಾಕ ಕುಂತಿಲ್ಲ ನಾನು. ನಿಮ್ಮ ಆಪರೇಶನ್ ಆಗತೈತಿ, ಇವರೇ ಮಾಡ್ತಾರ. ಆದ್ರ ಮೂರು ವಾರ ನಾನು ಹೇಳಿದಂಗ ಕೇಳಬೇಕು. ಅಷ್ಟರಾಗ ರಕ್ತ ಏರಸ್ತೀವಿ, ಉಸಿರು ಗಟ್ಟಿ ಮಾಡ್ತೀವಿ. ಊಟ ಬದಲಿ ಮಾಡಿದ್ರ ಹೊಟ್ಟಿ ಒಳಗ ಇವರ ಕೈಗೆ ಜಾಗ ಸಿಗತೈತಿ. ಆಗ್ತದೇನು?"

ಅಮರತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೈಯದಿರೋ ಡಾಕ್ಟರನ್ನ ಈಗ ನೋಡಿದೆ ಯವ್ವಾ. ನೀ ಹೇಳು, ಕೇಳ್ತೀನಿ" ಅಂದಳು. ಸರ್ಜನ್ ಕಡೆ ತಿರುಗಿ, "ನೀವೂ ಕೇಳ್ರಿ ಆಕಿ ಮಾತು" ಅಂದಳು.

ಮಂಪರಿನ ಔಷಧಿಯನ್ನು ತೂಕ ನೋಡಿ ಕೊಡಬೇಕಿತ್ತು. ಆಸ್ಪತ್ರೆಯ ತೂಕದ ಯಂತ್ರ ಅವಳು ಹತ್ತಿದ ಕೂಡಲೇ ಗೆರೆಗಳನ್ನಷ್ಟೇ ತೋರಿಸಿ ಸುಮ್ಮನಾಯಿತು. ದೊಡ್ಡದನ್ನು ತರಿಸಲು ಸಮಯ ಹಿಡಿಯುತ್ತದೆ ಅಂದರು. ಅಮರತ್ತಿಗೆ ತಕ್ಷಣ ಸಿಂಧನೂರಿನ ರೈಸ್‌ಮಿಲ್ಲು ನೆನಪಾಯಿತು. ಆ ಮಿಲ್ಲಿನ ಮಾಲೀಕರ ಮಗಳ ಸಂಬಂಧ ಅವಳೇ ಜೋಡಿಸಿದ್ದು. ಮರುದಿನವೇ ಹೋದೆವು. ಹಮಾಲರು ಭತ್ತದ ಚೀಲ ಇಳಿಸಿ ತಕ್ಕಡಿ ಖಾಲಿ ಮಾಡಿ, ಅದರ ಮೇಲೊಂದು ಗೋಣಿಚೀಲ ಹಾಸಿದರು. ಅತ್ತಿ ನನ್ನ ಹೆಗಲು ಹಿಡಿದು ಹತ್ತಿ ನಿಂತಳು. ಮಾಲೀಕರು ಕನ್ನಡಕ ಸರಿಮಾಡಿಕೊಂಡು ನೋಡಿ, ಹೇಳಲೋ ಬೇಡವೋ ಎಂದು ತೊಳಲಾಡಿದರು.

"ಹೇಳ್ರಿ ಸಾವ್ಕಾರ್ರೆ, ಮುಲಾಜ ಬ್ಯಾಡ."

"ಎರಡು ಚೀಲಕ್ಕ ಜರ ಕಮ್ಮಿ ರೀ, ಅಮರಮ್ಮ."

"ತೇವ ಕಳದು ಹೇಳಿದ್ರೋ, ಕಳೀದೆ ಹೇಳಿದ್ರೋ?"

ಮಾಲೀಕರಿಗೆ ಅರ್ಥವಾಗಲಿಲ್ಲ. "ರೈತರ ಭತ್ತ ಬಂದ್ರ ತೇವ ಐತಿ, ಕಸ ಐತಿ ಅಂತ ತೂಕದಾಗ ಕಳೀತೀರಲ್ಲ. ನಂದೂ ಕಳೀರಿ. ಮುಂಜಾನಿಂದ ಎಷ್ಟು ನೀರು ಕುಡದೀನಿ ಅಂತ ನನಗೊತ್ತೈತಿ." ಹಮಾಲರು ಚೀಲಗಳ ಮೇಲೆ ಬಿದ್ದು ಬಿದ್ದು ನಕ್ಕರು. ಮಾಲೀಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ತೂಕ ಹೇಳಿದೆ, ಎಲ್ಲಿ ತೂಗಿಸಿದೆವೆಂದೂ ಹೇಳಿದೆ. ಅವರು ತೂಕ ಬರೆದುಕೊಂಡು, "ತೇವ ಕಳದ ಲೆಕ್ಕ ನನಗ ಬ್ಯಾಡ" ಅಂದರು. ಆ ಗಂಭೀರ ಹೆಣ್ಣುಮಗಳೂ ತಮಾಷೆ ಬಲ್ಲವಳೆಂದು ಅಮರತ್ತಿಗೆ ಭಾರಿ ಖುಷಿಯಾಯಿತು. "ಪಕ್ಕಾ ಆತು" ಅಂದಳು. ಏನು ಪಕ್ಕಾ ಆಯಿತೆಂದು ಹೇಳಲಿಲ್ಲ.

ಆ ಮೂರು ವಾರ ಅವಳು ಲಿಂಗಸುಗೂರಿನಲ್ಲಿ ನನ್ನ ಮನೆಯಲ್ಲಿದ್ದಳು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ನಡಿಗೆ. ಆಮೇಲೆ ಬೇಳೆಕಟ್ಟು, ಮಜ್ಜಿಗೆ, ಬೇಯಿಸಿದ ತರಕಾರಿ, ಡಾಕ್ಟರಮ್ಮ ಕೊಟ್ಟ ಪುಡಿ ಕದಡಿದ ಹಾಲು. ಅನ್ನ, ರೊಟ್ಟಿ, ಎಣ್ಣೆ ಬಂದ್. ಮೊದಲ ದಿನಗಳಲ್ಲಿ ಅವಳು ತಟ್ಟೆ ನೋಡಿ, "ಇದು ಊಟ ಅಲ್ಲಬೇ, ಊಟದ ಫೋಟೋ" ಅನ್ನುತ್ತಿದ್ದಳು. ಆದರೂ ಒಂದು ಚೂರೂ ಕದ್ದು ತಿನ್ನಲಿಲ್ಲ. ಓಣಿಯ ಹೆಂಗಸರು ಪ್ರೀತಿಯಿಂದ ಶೇಂಗಾ ಹೋಳಿಗೆ ತಂದುಕೊಟ್ಟರೆ ಕೈಯಲ್ಲಿ ಹಿಡಿದು ವಾಸನೆ ನೋಡಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ತಿನ್ನುವುದನ್ನು ಎವೆಯಿಕ್ಕದೆ ನೋಡುತ್ತಿದ್ದಳು. ಅಷ್ಟು ಕಷ್ಟಪಟ್ಟು ನಾನು ಹೋಳಿಗೆ ತಿಂದದ್ದು ಅದೇ ಮೊದಲು.

ಮಲಗುವಾಗ ಮೂಗಿಗೆ ಗಾಳಿ ಒತ್ತುವ ಒಂದು ಯಂತ್ರ ಕೊಟ್ಟಿದ್ದರು. ಮುಖಕ್ಕೆ ಅದನ್ನು ಕಟ್ಟಿಕೊಂಡು ಮಲಗಿದ ಮರುದಿನ ಬೆಳಿಗ್ಗೆ ಎದ್ದು ಕೂತು ಸುತ್ತಲೂ ನೋಡಿ, "ನಿದ್ದಿ ಅಂದ್ರ ಇದೇನು? ಇಷ್ಟು ವರ್ಷ ನಾ ಬರೇ ಕಣ್ಣು ಮುಚ್ಚಿಕೊಂಡಿದ್ದೆ ಅನ್ನಸ್ತೈತಿ" ಅಂದಳು. ಇನ್ನೊಂದು ಸಾಮಾನು, ಮೂರು ಚೆಂಡುಗಳಿರುವ ಸಣ್ಣ ಡಬ್ಬಿ. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆ ಎಳೆದರೆ ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಅತ್ತಿ ಮೊದಲನೆಯ ಚೆಂಡಿಗೆ ಲಿಂಗಸುಗೂರು, ಎರಡನೆಯದಕ್ಕೆ ಮಸ್ಕಿ, ಮೂರನೆಯದಕ್ಕೆ ಸಿಂಧನೂರು ಎಂದು ಹೆಸರಿಟ್ಟಳು. ನಾನು ಶಾಲೆಯಿಂದ ಬಂದ ಕೂಡಲೇ ವರದಿ: "ಇವತ್ತು ಬಸ್ಸು ಲಿಂಗಸುಗೂರು ಬಿಟ್ಟು ಹೊಂಡಲಿಲ್ಲ." "ಇವತ್ತು ಮಸ್ಕಿ ತನಕ ಹೋಗಿ ಪಂಕ್ಚರ್ ಆತು." ಒಂದು ಸಂಜೆ ಗೇಟು ತೆಗೆಯುವಾಗಲೇ ಒಳಗಿನಿಂದ ಕೂಗಿದಳು, "ಸುಜಿ, ಸಿಂಧನೂರು ಬಂತು, ಇಳಿಯೋರು ಇಳೀರಿ." ನಾನು ಚೀಲ ಎಸೆದು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ನನ್ನ ತೋಳುಗಳು ಅವಳ ಬೆನ್ನಿನ ಅರ್ಧಕ್ಕೂ ಮುಟ್ಟಲಿಲ್ಲ, ಆದರೂ ಮೊದಲಿಗಿಂತ ಒಂದಿಷ್ಟು ಮುಂದೆ ಹೋಗಿದ್ದವು.

ಈ ನಡುವೆ ಅವಳ ಇನ್ನೊಂದು ಕೆಲಸವೂ ನಡೆದಿತ್ತು. ಆಸ್ಪತ್ರೆಯ ಸಿಸ್ಟರ್ ರೇಣುಕಾಳ ನಂಬರು ಇಸಿದುಕೊಂಡು ಬಂದಿದ್ದಳು. ನೋವಿನ ಬಗ್ಗೆ, ಮಾತ್ರೆಯ ಬಗ್ಗೆ ಕೇಳುವ ನೆಪದಲ್ಲಿ ಫೋನು ಮಾಡಿ ಮೆಲ್ಲಗೆ ವಿಷಯಕ್ಕೆ ಬರುತ್ತಿದ್ದಳು. "ಆ ಡಾಕ್ಟರಮ್ಮ ಯಾವೂರಾಕಿ? ಬಳ್ಳಾರಿ ಕಡೆ ಏನು? ಕೊರಳಾಗ ಏನೂ ಹಾಕ್ಯಂಗಿಲ್ಲಲ್ಲ. ಹೌದೌದು, ಆಪರೇಶನ್ ಮಾಡೋರು ಹಾಕಬಾರದು ಬಿಡು. ಆ ಕೊಯ್ಯೋ ಡಾಕ್ಟರ ಮಧ್ಯಾಹ್ನ ಎಲ್ಲಿ ಉಣ್ತಾನ?" ರೇಣುಕಾ ಆ ಕಡೆಯಿಂದ ಏನು ಹೇಳುತ್ತಿದ್ದಳೋ, ಇವಳು ತಲೆಯಾಡಿಸುತ್ತಾ ಫೋನು ಇಟ್ಟು ನನಗೆ ಹೇಳುತ್ತಿದ್ದಳು: "ಇಬ್ರೂ ಒಂದೇ ಡಬ್ಬಿ ಉಣ್ತಾರಂತ. ಆತ ಪಲ್ಲೆದಾಗಿನ ಮೆಣಸಿನಕಾಯಿ ತಗದು ಈಕಿ ಕಡೆ ಇಡತಾನಂತ, ಈಕಿ ಸುಮ್ನ ತಿಂತಾಳಂತ. ಇನ್ನೇನು ಬೇಕು?"

"ಅತ್ತಿ, ನಿನ್ನ ಹೊಟ್ಟ್ಯಾಗ ಗಡ್ಡಿ ಇಟ್ಕೊಂಡು ಊರ ಮಂದಿ ಲಗ್ನದ ಚಿಂತಿ ಯಾಕ?"

"ಗಡ್ಡಿ ಚಿಂತಿ ಮಾಡಾಕ ಅವರಿಬ್ರು ಅದಾರ. ಅವರ ಚಿಂತಿ ಮಾಡಾಕ ಯಾರರ ಬೇಕಲ್ಲ?"

ಆಪರೇಶನ್ ದಿನ ಬಂತು. ಥಿಯೇಟರಿನ ಬಾಗಿಲ ತನಕ ನಾನು ಗಾಲಿಮಂಚದ ಜೊತೆ ನಡೆದೆ. ಅವಳು ನನ್ನ ಕೈಹಿಡಿದು, "ಅಳಬ್ಯಾಡ. ಒಳಗ ಒಂದು ಮುಖ್ಯ ಕೆಲಸ ಐತಿ, ಮುಗಿಸಿ ಬರ್ತೀನಿ" ಅಂದಳು. ಒಳಗೆ ನಡೆದದ್ದನ್ನು ಆಮೇಲೆ ಡಾಕ್ಟರಮ್ಮನೇ ನನಗೆ ಹೇಳಿದರು. ಹೇಳುವಾಗ ಎರಡು ಸಲ ಮಾತು ನಿಲ್ಲಿಸಿ ನಕ್ಕರು.

ಅಗಲ ಹೆಚ್ಚಿಸಿದ ಟೇಬಲ್ಲಿನ ಮೇಲೆ ಅವಳನ್ನು ಮಲಗಿಸಿ, ಉಸಿರು ಸರಾಗ ಆಗಲೆಂದು ಬೆನ್ನ ಕೆಳಗೆ ದಿಂಬಿನ ಮೇಲೆ ದಿಂಬು ಒತ್ತಿ, ಕಾಲಿಗೂ ಎದೆಗೂ ಪಟ್ಟಿ ಕಟ್ಟಿದ್ದರು. ಡಾಕ್ಟರಮ್ಮ ಆಕ್ಸಿಜನ್ನಿನ ಮಾಸ್ಕ್ ಹಿಡಿದು ಬಾಗಿದಾಗ ಅಮರತ್ತಿ ತಡೆದಳು.

"ಡಾಕ್ಟರಮ್ಮ, ಒಂದ್ಮಾತು. ಎದ್ರ ಆಮ್ಯಾಲ ಹೇಳಬಹುದಿತ್ತು. ಏಳದಿದ್ರ ಈಗೇ ಹೇಳಬೇಕಲ್ಲ."

"ಏಳ್ತೀರಿ. ಹೇಳ್ರಿ."

"ಆ ಕೊಯ್ಯೋ ಡಾಕ್ಟರನ್ನ ಮಾಡ್ಕೋರಿ. ಅವಸರದ ಮನಿಷ್ಯಾ, ಖರೇ. ಆದ್ರ ನಿಮ್ಮ ಮಾತು ಕೇಳ್ತಾನ. ನಾ ಭಾಳ ಜೋಡಿ ನೋಡೀನಿ, ನಿಮ್ಮಂಥಾದ್ದು ನೋಡಿಲ್ಲ. ಹೂಂ ಅನ್ರಿ, ನಿಶ್ಚಿಂತಿ ಮಲಗ್ತೀನಿ."

ಕೋಣೆಯಲ್ಲಿದ್ದ ಸಿಸ್ಟರುಗಳೆಲ್ಲ ಗೋಡೆ ಕಡೆ ತಿರುಗಿದರಂತೆ. ಫೋನಿನಲ್ಲಿ ಬೇಕೆಂದೇ ಒಂದು ವಿಷಯ ಮುಚ್ಚಿಟ್ಟಿದ್ದ ರೇಣುಕಾ ಮಾಸ್ಕಿನ ಮೇಲೆ ಕೈಯಿಟ್ಟುಕೊಂಡಳಂತೆ. ಡಾಕ್ಟರಮ್ಮ ಮುಖದ ಗಂಭೀರ ಬಿಡದೆ ಹೇಳಿದರು: "ಮಾಡ್ಕೊಂಡು ಎರಡು ಮಕ್ಕಳಾದ್ವು ಅಮ್ಮ."

ಅಮರತ್ತಿ ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಪಟ್ಟಿ ಕಟ್ಟಿದ ಆ ಹೊಟ್ಟೆ ಸದ್ದಿಲ್ಲದೆ ಅಲುಗಾಡತೊಡಗಿತು. ಎದೆಗೇರಿತು. ಹೆಗಲಿಗೆ ಬಂತು. ಬಾಯಿಗೆ ಬರುವ ಹೊತ್ತಿಗೆ ಪಕ್ಕದ ಯಂತ್ರಗಳೆಲ್ಲ ಕಿರ್ರೋ ಎಂದು ಕೂಗಿಕೊಂಡವು. ಹೊರಗೆ ಕೈ ತೊಳೆಯುತ್ತಿದ್ದ ಸರ್ಜನ್ ಗಾಬರಿಯಿಂದ ಒಳಗೆ ನುಗ್ಗಿದರು.

"ಏನಾತು?"

"ನಿಮಗ ಹೆಣ್ಣು ಗೊತ್ತು ಮಾಡ್ಯಾರ" ಅಂದರು ಡಾಕ್ಟರಮ್ಮ.

"ಯಾರಂತ?"

"ನಾನಂತ."

ಸರ್ಜನ್ ತೊಳೆದ ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡು ಅಮರತ್ತಿಯ ಕಡೆ ಬಾಗಿದರು. "ಬ್ಯಾರೆ ಯಾರೂ ಸಿಗಲಿಲ್ಲೇನಮ್ಮ?"

ಅವಳು ನಗುತ್ತಲೇ ಮಂಪರಿಗೆ ಹೋದಳು. ಅಷ್ಟು ಖುಷಿಯಾಗಿ ಮಲಗಿದ ಪೇಶಂಟನ್ನು ನಾನು ನೋಡಿಲ್ಲ, ಅಂದರು ಡಾಕ್ಟರಮ್ಮ.

ಹೊರಗೆ ಕೂತ ನನಗೆ ಈ ನಗುವಿನ ಸುದ್ದಿ ಗೊತ್ತಿರಲಿಲ್ಲ. ಹೇಳಿದ್ದ ಸಮಯ ಮೀರಿತು. ಆಮೇಲೆ ಇನ್ನೂ ಮೀರಿತು. ಬಾಗಿಲು ತೆರೆದಾಗಲೆಲ್ಲ ನನ್ನ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಕೊನೆಗೆ ಸರ್ಜನ್ ಬಂದರು, ಬೆವರಿನಲ್ಲಿ ತೊಯ್ದಿದ್ದರು. ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಉದ್ದನೆಯ ಸಲಕರಣೆ ಇಳಿಸಿ, ಕೊಬ್ಬನ್ನು ಪದರ ಪದರವಾಗಿ ಸರಿಸಿ ಕರುಳು ಹುಡುಕಬೇಕಾಯಿತಂತೆ. ನಡುವೆ ಒಂದು ಕಡೆ ರಕ್ತ ಬಂತಂತೆ, ನಿಲ್ಲಿಸಿದೆವು ಅಂದರು. "ಗಡ್ಡೆ ಪೂರಾ ಬಂದೈತಿ. ಕರುಳು ಜೋಡಿಸೀವಿ." ನಾನು ಕೈಮುಗಿದೆ. ಅವರು ಹೊರಟವರು ತಿರುಗಿ, "ಆ ಮೂರು ವಾರ ಕಾಯದಿದ್ರ ನನ್ನ ಕೈಗೆ ಒಳಗ ಜಾಗ ಸಿಗತಿರಲಿಲ್ಲ. ಇದನ್ನ ನಾ ಹೇಳ್ದೆ ಅಂತ ನಮ್ಮನಿಯಾಕಿಗೆ ಹೇಳಬ್ಯಾಡ್ರಿ" ಅಂದರು.

ನಮ್ಮನಿಯಾಕಿ ಯಾರೆಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದಾಗ ಅಮರತ್ತಿಗೆ ಎಚ್ಚರವಾಗಿದೆ ಎಂದು ಕರೆದರು. ತುಟಿಗಳು ಒಣಗಿ ಬಿಳಚಿಕೊಂಡಿದ್ದವು. ನನ್ನನ್ನು ನೋಡಿ ಅವಳು ಆಡಿದ ಮೊದಲ ಮಾತು: "ಜೋಡಿ ಸರಿ ಇತ್ತಬೇ. ನಾ ಬರೋದು ತಡ ಆಗಿತ್ತು."

ಮರುದಿನವೇ ಎಬ್ಬಿಸಿ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಬಿಗಿಯಾದ ಉದ್ದನೆಯ ಕಾಲುಚೀಲ ಹಾಕಿದ್ದರು. ಅದನ್ನು ಹಾಕಲು ಇಬ್ಬರು ಸಿಸ್ಟರುಗಳು ಬೇಕಾಗುತ್ತಿದ್ದರು. "ಲ್ಯಾಂಡ್ರಿಯಾಗ ದಿಂಬಿಗೆ ಗವಸು ಹಾಕಿದಂಗ ಹಾಕ್ತಾರ ನೋಡು" ಎನ್ನುತ್ತಿದ್ದಳು. ಗಾಯ ಒಂದು ಕಡೆ ಕೀವು ತುಂಬಿ, ಮನೆಗೆ ಹೋಗುವುದು ಮುಂದಕ್ಕೆ ಹೋಯಿತು. ಆ ದಿನಗಳಲ್ಲಿ ಅವಳು ಕಷ್ಟಪಟ್ಟಳು. ಜ್ವರ ಬಂದ ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ದೂರ ತಳ್ಳಿ, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಡಾಕ್ಟರಮ್ಮ ತಮ್ಮ ಇಬ್ಬರು ಮಕ್ಕಳನ್ನು ಕರೆತಂದು, "ನೋಡ್ರಿ ಅಮ್ಮ, ನೀವು ಜೋಡಿಸಿದ ಲಗ್ನದ ಮಕ್ಕಳು" ಎಂದು ಪರಿಚಯಿಸಿದರು. ಅತ್ತಿ ನಿಧಾನಕ್ಕೆ ಈಚೆ ಹೊರಳಿದಳು. ಸಣ್ಣವಳ ಗಲ್ಲ ಹಿಡಿದು ನೋಡಿ, "ಈಕಿ ಅವಸರದಾಕಿ. ಅಪ್ಪನ ಹಂಗ" ಅಂದಳು. ಅವತ್ತು ರಾತ್ರಿಯ ಗಂಜಿಯನ್ನು ಪೂರ್ತಿ ಕುಡಿದಳು.

ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಬಂತು. ರೋಗ ಆಚೆ ಹರಡಿರಲಿಲ್ಲ. ತಪಾಸಣೆಗೆ ಬರುತ್ತಿರಬೇಕು ಅಂದರು, ಅಷ್ಟೇ.

ಇದಾಗಿ ಎರಡು ವರ್ಷ. ಅಮರತ್ತಿ ತೆಳ್ಳಗಾಗಿದ್ದಾಳೆಂದು ನಾನು ಹೇಳಿದರೆ ಸುಳ್ಳಾಗುತ್ತದೆ, ದಪ್ಪಗೇ ಇದ್ದಾಳೆ. ಆದರೆ ಈಗ ಬಸ್ಸು ಹತ್ತುತ್ತಾಳೆ. ರಕ್ತ ತುಂಬಿಕೊಂಡು ಮುಖ ಕೆಂಪಾಗಿದೆ. ಸಮಸ್ಯೆ ಏನೆಂದರೆ ಅವಳು ಮನೆಯಲ್ಲಿ ಸಿಗುವುದೇ ಇಲ್ಲ. ಭಾರಿ ದೇಹದ ಯಾರಾದರೂ ಇಂಥ ಗಡ್ಡೆ ಇಟ್ಟುಕೊಂಡು, ಆಪರೇಶನ್ ಅಂದರೆ ಹೆದರಿ ಮನೆಗೆ ಓಡಲು ನೋಡಿದರೆ, ಸರ್ಜನ್ ಇವಳಿಗೆ ಫೋನು ಮಾಡುತ್ತಾರೆ. "ಅಮ್ಮ, ಒಬ್ಬರು ಭಾಳ ಹೆದರ್ಯಾರ, ಬರ್ತೀರೇನ್ರಿ?" ಇವಳು ಸೀರೆ ಉಟ್ಟು ಹೊರಟೇಬಿಡುತ್ತಾಳೆ.

ಈ ಸಲದ ದಸರಾ ರಜೆಯಲ್ಲಿ, ಹೇಳದೆ ಕೇಳದೆ ಹೋಗಿ ಅವಳ ಜೊತೆ ಒಂದು ದಿನ ಇದ್ದು ಬರೋಣವೆಂದು ಬೆಳಿಗ್ಗೆಯೇ ಮಸ್ಕಿಗೆ ಹೋದೆ. ಮನೆಗೆ ಬೀಗ. ಕಟ್ಟೆಯ ಮೇಲೆ ಕೂತು ಫೋನು ಮಾಡಿದೆ.

"ಅತ್ತಿ, ನಿನ್ನ ನೋಡಾಕ ಅಂತ ಬಂದೀನಿ. ಎಲ್ಲಿ ಅದೀ?"

"ನನ್ನಾಗ ನೋಡಾಕ ಏನುಳದೈತಬೇ ಈಗ, ಕಾಲು ಭಾಗ ಕರಗಿ ಹೋಗೈತಿ. ಉಳದದ್ದು ರಾಯಚೂರಾಗ ಐತಿ. ತಡಿ ಒಂದೀಟು." ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಯಾರ ಜೊತೆಗೋ ಮಾತಿಗೆ ತೊಡಗಿದಳು. ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಬಂದ ಒಬ್ಬ ರೈತ, ಜಠರದಲ್ಲಿ ಗಡ್ಡೆ, ತನಗಿಂತ ಎತ್ತರ, ತನ್ನಷ್ಟೇ ದಪ್ಪ ಎಂದು ಆಮೇಲೆ ಹೇಳಿದಳು. ಅವನ ಬಂಗಾಳಿ ಎಳೆತದ ಕನ್ನಡ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ನೋವು ಆಗ್ತದೇನಮ್ಮ?"

"ಆಗತೈತಿ. ಸುಳ್ಳು ಯಾಕ ಹೇಳ್ಲಿ. ಆದ್ರ ದಿನಾ ಒಂದೀಟು ಕಮ್ಮಿ ಆಗತೈತಿ."

"ನನಗೆ ಹೆದರಿಕೆ ಆಗ್ತದೆ."

"ಆಗ್ಲಿ ಯಪ್ಪಾ. ಹೆದರಿಕಿ ಕೂಡೇ ಒಳಗ ನಡಿ. ಒಳಗ ಇಬ್ರು ಗಂಡ ಹೆಂಡ್ತಿ ಜಗಳ ಆಡ್ತಿರ್ತಾರ, ಅದನ್ನ ಕೇಳಿಕೋತ ಮಲಗು. ನೀ ಹೊರಗ ಬರೋತನಕ ನಾ ಈ ಬೆಂಚು ಬಿಟ್ಟು ಏಳಂಗಿಲ್ಲ."

ಗಾಲಿಗಳು ಉರುಳುವ ಸದ್ದು ಬಂತು. ಒಂದು ಬಾಗಿಲು ತೆರೆದು ಮುಚ್ಚಿತು. ಅವಳ ದನಿ ಮತ್ತೆ ಫೋನಿನ ಹತ್ತಿರ ಬಂತು.

"ಸುಜಿ, ಇನ್ನೂ ಅದೀಯೇನಬೇ?"

"ಅದೀನಿ ಅತ್ತಿ."

"ಇಡಬ್ಯಾಡ ಮತ್ತ. ಹೆದರಿದವರು ಒಳಗ ಹೋದ ಮ್ಯಾಲ ಪ್ರತಿ ಸಲ ಅವರ ಹೆದರಿಕಿ ನನಗ ಹತ್ತತೈತಿ. ಇವ ಹೊರಗ ಬರೋತನಕ ಯಾರರ ನನ್ನ ಕೂಡ ಮಾತಾಡಬೇಕು."

ಏನು ಮಾತಾಡಲಿ ಎಂದು ಕೇಳಿದೆ. ಏನಾದ್ರೂ, ಅಂದಳು. ನಾನು ಕಟ್ಟೆಗೆ ಬೆನ್ನು ಆನಿಸಿ, ಅವಳ ಓಣಿಯಲ್ಲಿ ಯಾರು ಯಾರು ಹೋಗುತ್ತಿದ್ದಾರೆ, ಯಾರ ಮನೆಯ ಮುಂದೆ ಏನು ಒಣಗಲು ಹಾಕಿದ್ದಾರೆ ಎಂದು ಒಂದೊಂದಾಗಿ ಹೇಳತೊಡಗಿದೆ.